ಪುಸ್ತಕಗಳ ತವರು

ಪ್ರವಾಸವೆಂದರೆ ನಮ್ಮ ಜನಕ್ಕೆ ಬಹುಕಾಲದಿಂದಲೂ ತೀರ್ಥಯಾತ್ರೆಯೇ. ಪ್ರತಿಯೊಂದು ಮನೆತನಕ್ಕೂ ಒಬ್ಬ ಕುಲದೇವತೆ. ಆ ದೇವತೆಗೆ ಒಂದು ಊರು. ವರ್ಷಕ್ಕೊಮ್ಮೆಯಲ್ಲದಿದ್ದರೆ ಮೂರು ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ಬರುವುದು ಗೃಹಸ್ಥನಾದವನ ಧರ್ಮವೆಂದು ಹಿರಿಯರು ಗೊತ್ತುಮಾಡಿದ್ದಾರೆ. ಆದರೆ ಗೋಡೆಯ ಗೂಡಿನಲ್ಲಿ ಕುಳಿತು ಮೂವತ್ತು ನಲವತ್ತು ವರ್ಷ ನಮ್ಮೊಡನೆ ಬಾಳಿದ ಪುಸ್ತಕಗಳಿಗೂ ಒಂದೊಂದು ಹುಟ್ಟಿದ ಊರುಂಟಲ್ಲವೆ? ದುಃಖದ ದಿನಗಳಲ್ಲಿ ಧೈರ್ಯ ಹೇಳಿದವು ಅವು. ಬೇಸರದ ಸಂಜೆಗಳನ್ನು ಕಳೆದುಕೊಟ್ಟವು ಅವು. ಅವುಗಳ ತವರನ್ನು ಒಮ್ಮೆ ಕಣ್ಣಾರೆ ನೋಡಿ ಬರಬೇಕೆಂಬ ಆಸೆ ನಮಗೆ ಬಹಳ ದಿನದಿಂದ ಇದ್ದಿತು. ಅದರಲ್ಲಿ ಅರ್ಧವು ಕಳೆದ ಮಾಘಮಾಸದಲ್ಲಿ ಕೈಗೂಡಿತು. ಈ ಪತ್ರಿಕೆಯನ್ನು ಓದುವ ಕುಟುಂಬಗಳಲ್ಲಿ ಕೆಲವರಿಗಾದರೂ ಈ ವೃತ್ತಾಂತವು ಉಪಯೋಗಕ್ಕೆ ಬರಬಹುದೆಂದು ಎಣಿಸಿ ಇದನ್ನು ಬರೆಯುತ್ತಿದ್ದೇವೆ.

ನಾವು ಮೈಸೂರಿನ ಒಂದು ಸಾಧಾರಣವಾದ ದಂಪತಿ. ಒಬ್ಬರು ಮೂವತ್ತುನಾಲ್ಕು ವರ್ಷ ಕಚೇರಿಯಲ್ಲಿ ಲೆಕ್ಕ ಬರೆದು ವಿಶ್ರಾಂತಿ ಪಡೆದವರು. ಮತ್ತೊಬ್ಬರು ಅಷ್ಟೇ ವರ್ಷ ಮನೆಯ ಲೆಕ್ಕವನ್ನು ನೋಡಿಕೊಂಡು ಇನ್ನೂ ವಿಶ್ರಾಂತಿಯನ್ನು ಕಾಣದವರು. ಬರೆದ ಕೈ ಒಂದಾದರೂ ಮಾತು ಇಬ್ಬರದು. ಭೇದವನ್ನು ತೋರಿಸಬೇಕಾದ ಎಡೆಯಲ್ಲಿ ಮಾತ್ರ ಗೃಹಸ್ಥ, ಗೃಹಿಣಿ ಎಂದು ಹೇಳಿದ್ದೇವೆ.

ನಮ್ಮ ಗೂಡಿನಲ್ಲಿರುವ ಪುಸ್ತಕಗಳು ಬಹಳವೇನೂ ಇಲ್ಲ. ಅವುಗಳಲ್ಲಿಯೂ ಪ್ರಾಣಕ್ಕೆ ಸಮವಾದವು ನಾಲ್ಕೇ. ಗೃಹಸ್ಥನಿಗೆ ಪ್ರಿಯವಾದವು ಪಂಪನ 'ವಿಕ್ರಮಾರ್ಜುನ ವಿಜಯ' ಮತ್ತು ರನ್ನನ 'ಗದಾಯುದ್ಧ'. ಗೃಹಿಣಿಗೆ ಪ್ರಿಯವಾದವು ಕುಮಾರವ್ಯಾಸನ ಭಾರತ ಮತ್ತು ಮುದ್ದಣನ 'ಶ್ರೀರಾಮಾಶ್ವಮೇಧ'. ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ನಡೆದ ವಾದಗಳಿಗೆ ಲೆಕ್ಕವಿಲ್ಲ. ಪಂಪನು ತನ್ನ ಭಾರತವನ್ನು ಆರು ತಿಂಗಳಲ್ಲಿ ಬರೆದು ಮುಗಿಸಿದನೆಂದು ತಾನೇ ಹೇಳಿಕೊಂಡಿದ್ದಾನೆ. "ಅವನು ಆರು ತಿಂಗಳಲ್ಲಿ ಬರೆದದ್ದನ್ನು ನೀವು ಆರು ವರ್ಷ ಓದಿದಿರಿ, ನಿಘಂಟನ್ನು ತೆಗೆಯುವುದರಲ್ಲಿಯೇ ಮೂರು ವರ್ಷ ಹೋಯಿತು. ನನ್ನ ನಾರಣಪ್ಪನಿಗೆ ನಿಘಂಟು ಬೇಡ, ಕಿವಿ ಇದ್ದರೆ ಸಾಕು" ಎಂಬುದು ಗೃಹಿಣಿಯ ಪಕ್ಷ. "ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡು ಹೊರಟ ಕವಿಯು, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದನಲ್ಲ, ಆ ಔದಾರ್ಯಕ್ಕಾಗಿ ಎಷ್ಟು ನಿಘಂಟುಗಳನ್ನಾದರೂ ತೆಗೆಯಬಹುದು" ಎಂಬುದು ಗೃಹಸ್ಥನ ಪಕ್ಷ.

ಮನೆಯ ಹಳೆಯ ಲೆಕ್ಕದ ಪುಸ್ತಕವೊಂದರ ಕೊನೆಯ ಹಾಳೆಯಲ್ಲಿ ನಾವು ನೋಡಬೇಕಾದ ಊರುಗಳ ಪಟ್ಟಿಯೊಂದಿದ್ದಿತು. ಅಣ್ಣಿಗೇರಿ, ಲಕ್ಕುಂಡಿ, ಗದಗು, ಧಾರವಾಡದ ಸಾಧನಕೇರಿ, ಕುಪ್ಪಳಿಯ ಕವಿಶೈಲ, ನಂದಳಿಕೆ. ಮಕ್ಕಳ ವಿದ್ಯಾಭ್ಯಾಸ, ಮದುವೆ, ಹಿರಿಯರ ಶುಶ್ರೂಷೆ ಎಂದು ಪಟ್ಟಿಯು ಒಂದು ಪುಸ್ತಕದಿಂದ ಮತ್ತೊಂದಕ್ಕೆ ನಕಲಾಗುತ್ತ ಹೋಯಿತು. ಎರಡು ವರ್ಷದ ಹಿಂದೆ ಗೃಹಿಣಿಯ ಕಣ್ಣನ್ನು ಪರೀಕ್ಷಿಸಿದ ವೈದ್ಯರು ಅದು ಗ್ಲಾಕೋಮಾ ಎಂದು ಹೇಳಿದರು. ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿಯ ನರವು ಸದ್ದಿಲ್ಲದೆ ಸವೆಯುವ ರೋಗವದು. ಮೊದಲು ಪಕ್ಕದ ನೋಟ ಹೋಗುತ್ತದೆ. ನೋವಿಲ್ಲದ್ದರಿಂದ ಬಹುಕಾಲ ತಿಳಿಯುವುದೇ ಇಲ್ಲ. ಹೋದ ನೋಟವು ಮರಳಿ ಬಾರದು. ಉಳಿದುದನ್ನು ದಿನವೂ ತಪ್ಪದೆ ಔಷಧ ಬಿಟ್ಟುಕೊಂಡು ಕಾಪಾಡಿಕೊಳ್ಳಬಹುದು. ನಲವತ್ತು ದಾಟಿದವರು ಕಣ್ಣಿನ ಒತ್ತಡವನ್ನು ಆಗಾಗ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸೆಂದು ಈ ಸಂದರ್ಭದಲ್ಲಿ ಓದುಗರಿಗೆ ಬಿನ್ನವಿಸುತ್ತೇವೆ. ಅಂದಿನಿಂದ ನಮ್ಮ ಮನೆಯಲ್ಲಿ ಓದುವ ಕೆಲಸ ಗೃಹಸ್ಥನದಾಯಿತು, ಕೇಳುವುದು ಗೃಹಿಣಿಯದಾಯಿತು. ಪಟ್ಟಿಯ ಊರುಗಳನ್ನು ಕೇಳಿ ತಿಳಿಯುವುದಕ್ಕೆ ಮುಂಚೆ ನೋಡಿಬಿಡೋಣವೆಂದು ಆಕೆಯೇ ಹೇಳಿದಳು. ಆ ಮೇಲೆ ತಡಮಾಡಲಿಲ್ಲ.

ಮೈಸೂರಿನಿಂದ ರಾತ್ರಿಯ ರೈಲಿನಲ್ಲಿ ಹೊರಟರೆ ಬೆಳಿಗ್ಗೆ ಹುಬ್ಬಳ್ಳಿ. ಅಲ್ಲಿಂದ ಪೂರ್ವಕ್ಕೆ ಸುಮಾರು ೩೫ ಕಿಲೋಮೀಟರಿನಲ್ಲಿ ಅಣ್ಣಿಗೇರಿ. ಕಾವೇರಿಯ ಸೀಮೆಯಿಂದ ಬಂದವರಿಗೆ ಇಲ್ಲಿ ಮೊದಲು ಕಣ್ಣಿಗೆ ಬೀಳುವುದು ಮಣ್ಣು. ಕಾಡಿಗೆಯನ್ನು ಕಲಸಿದಂತಿರುವ ಎರೆಯ ಮಣ್ಣು. ದಿಗಂತದವರೆಗೆ ಮರಗಳೇ ವಿರಳವಾದ ಬಯಲು. ನಾವು ಹೋದಾಗ ಬಿಳಿಜೋಳವು ತೆನೆ ಬಲಿತು ನಿಂತಿದ್ದಿತು, ಕಡಲೆಯನ್ನು ಕೀಳುತ್ತಿದ್ದರು, ನಡುನಡುವೆ ಕುಸುಬೆಯ ಕಿತ್ತಳೆಬಣ್ಣದ ಹೂವು. ಈ ಪ್ರಾಂತಕ್ಕೆ ಹಿಂದೆ ಬೆಳ್ವೊಲ ಮುನ್ನೂರು ಎಂಬ ಹೆಸರಿದ್ದಿತು. ಹೊಲಗಳನ್ನು ಕಂಡ ಮೇಲೆ ಆ ಹೆಸರಿಗೆ ಬೇರೆ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ.

ಪಂಪನು ಹುಟ್ಟಿದ್ದು ಕ್ರಿ. ಶ. ೯೦೨ರಲ್ಲಿ. ವೇಮುಲವಾಡದ ಚಾಲುಕ್ಯ ಅರಸನಾದ ಇಮ್ಮಡಿ ಅರಿಕೇಸರಿಯ ಆಶ್ರಯದಲ್ಲಿದ್ದು, 'ಆದಿಪುರಾಣ'ವನ್ನು ೯೪೧ರಲ್ಲಿ ಮುಗಿಸಿದನು. ಅವನ ತಮ್ಮನಾದ ಜಿನವಲ್ಲಭನು ಇಂದಿನ ತೆಲಂಗಾಣದಲ್ಲಿರುವ ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಒಂದು ಶಾಸನವನ್ನು ಕೊರೆಯಿಸಿದ್ದಾನೆ. ಅವರ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬುದು ಅದರಿಂದಲೇ ತಿಳಿದುಬಂದ ಸಂಗತಿ. ಆದುದರಿಂದ ಅಣ್ಣಿಗೇರಿಯು ಪಂಪನಿಗೆ ಎಲ್ಲಕ್ಕಿಂತ ಮೊದಲು ತಾಯಿಯ ತವರು. ಅವನು ತನ್ನ ಕಾವ್ಯದ ನುಡಿಯು ಪುಲಿಗೆರೆಯ ಸಾರವಾದ ಕನ್ನಡವೆಂದು ಹೆಮ್ಮೆಪಟ್ಟುಕೊಂಡಿದ್ದಾನೆ. ಆ ಪುಲಿಗೆರೆಯು ಇಂದಿನ ಲಕ್ಷ್ಮೇಶ್ವರ. ಇಲ್ಲಿಗೆ ಬಹಳ ದೂರವಲ್ಲ. ದೂರದ ಅರಸನ ಆಸ್ಥಾನದಲ್ಲಿ ಕುಳಿತ ಕವಿಗೆ ತನ್ನ ಭಾಷೆಯ ತಿರುಳಾಗಿ ಕಂಡದ್ದು ತಾಯಿಯ ಸೀಮೆಯ ಮಾತು.

ಊರಿನ ನಡುವೆ ಅಮೃತೇಶ್ವರನ ದೇವಾಲಯವಿದೆ. ಅದು ಹನ್ನೊಂದನೆಯ ಶತಮಾನದ್ದು. ಬಳಪದ ಕಲ್ಲಿನಲ್ಲಿ ಕಟ್ಟಿದ್ದು. ಎಂದರೆ ಪಂಪನು ಇದನ್ನು ನೋಡಿದವನಲ್ಲ. ಕಲ್ಯಾಣದ ಚಾಲುಕ್ಯರ ಕೊನೆಯ ದೊರೆಯಾದ ನಾಲ್ವಡಿ ಸೋಮೇಶ್ವರನಿಗೆ ಈ ಊರೇ ರಾಜಧಾನಿಯಾಗಿದ್ದಿತು. ಸಾಲುಗಂಬಗಳ ಮಂಟಪದಲ್ಲಿ ಮಧ್ಯಾಹ್ನದ ಬಿಸಿಲಿಗೂ ತಂಪಾಗಿತ್ತು. ಅಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ, "ಯಾವೂರ್ರೀ ನಿಮ್ಮದು?" ಎಂದು ಮಾತಿಗೆ ತೊಡಗಿದರು.

"ಮೈಸೂರು."

"ಅಷ್ಟ ದೂರದಿಂದ ಬಂದೀರಿ. ಯಾರ ಮನಿಗೆ ಬಂದೀರ್ರಿ?"

"ಪಂಪನ ಊರೆಂದು ನೋಡಲು ಬಂದೆವು. ಅವನ ಮನೆಯಿದ್ದ ಜಾಗವೆಂದು ಏನಾದರೂ ತೋರಿಸುತ್ತಾರೆಯೆ?"

ಹಿರಿಯರು ನಕ್ಕರು. "ಸಾವಿರ ವರ್ಷ ಮನಿ ಎಲ್ಲಿ ಉಳೀತೈತ್ರಿ? ಊರ ಐತಲ್ರಿ, ನೋಡ್ರಿ. ಅವರವ್ವನ ತವರಂದ್ರ ಊರೆಲ್ಲಾ ತವರ ಆತಲ್ರಿ."

ಅವರ ಮಾತಿನಲ್ಲಿ ಬಹಳ ಸತ್ಯವಿದೆಯೆಂದು ನಮಗೆ ತೋರಿತು. ಕವಿಯ ಮನೆಯ ಗೋಡೆಯಾಗಲಿ ಅವನು ಮುಟ್ಟಿದ ವಸ್ತುವಾಗಲಿ ಉಳಿದಿಲ್ಲ. ಹಾಗಿದ್ದರೂ ಅವನ ಪುಸ್ತಕವು ಮೈಸೂರಿನ ನಮ್ಮ ಗೂಡಿನವರೆಗೆ ಬಂದಿದೆ. ಬಿ. ಎಲ್. ರೈಸ್ ಎಂಬವರು ಅದನ್ನು ೧೮೯೮ರಲ್ಲಿ ಅಚ್ಚುಮಾಡಿಸಿದರು. ಅದಕ್ಕೆ ಮೊದಲಿನ ಒಂಬೈನೂರೈವತ್ತಕ್ಕೂ ಹೆಚ್ಚು ವರ್ಷ ಅದು ಬದುಕಿದ್ದು ಹೇಗೆ? ಗದಗಿಗೆ ಹೋಗುವ ಬಸ್ಸಿನಲ್ಲಿ ನಾವು ಇದನ್ನೇ ಮಾತನಾಡಿಕೊಂಡೆವು. ಅದಕ್ಕೆ ಉತ್ತರವು ಮಾರನೆಯ ದಿನ ಲಕ್ಕುಂಡಿಯಲ್ಲಿ ದೊರೆಯಿತು.

ಅಣ್ಣಿಗೇರಿಯಿಂದ ಗದಗಿಗೆ ೨೨ ಕಿಲೋಮೀಟರು. ಗದಗಿನಿಂದ ಲಕ್ಕುಂಡಿಗೆ ಸುಮಾರು ೧೨. ರಾತ್ರಿ ಗದಗಿನಲ್ಲಿ ತಂಗಿ, ಬೆಳಿಗ್ಗೆ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇವುಗಳನ್ನು ತೃಪ್ತಿಯಾಗಿ ಉಂಡು ಹೊರಟೆವು. ಹಿಂದೆ ಲೊಕ್ಕಿಗುಂಡಿ ಎಂದು ಹೆಸರಾಗಿದ್ದ ಈ ಊರು ಇಂದು ಒಂದು ಹಳ್ಳಿ. ಆದರೆ ಇಲ್ಲಿ ಬೀದಿಯ ತಿರುವಿಗೊಂದು ಗುಡಿ, ಮನೆಗಳ ಹಿತ್ತಿಲ ಪಕ್ಕದಲ್ಲಿಯೇ ಶಿಲ್ಪ. ಕಾಶಿವಿಶ್ವೇಶ್ವರನ ಗುಡಿಯ ಬಾಗಿಲುವಾಡದ ಕೆತ್ತನೆಯನ್ನು ನೋಡುತ್ತ ಅರ್ಧ ದಿನವನ್ನೇ ಕಳೆಯಬಹುದು. ಮುಸುಕಿನ ಬಾವಿಯ ಮೆಟ್ಟಿಲುಗಳು ಪುಟ್ಟ ಪುಟ್ಟ ಗೂಡುಗುಡಿಗಳ ನಡುವೆ ಇಳಿದು ನೀರನ್ನು ಸೇರುತ್ತವೆ. ಮೆಟ್ಟಿಲು ಕಡಿದಾದ್ದರಿಂದ ಗೃಹಿಣಿಯು ಮೇಲೆಯೇ ನಿಂತು ನೋಡಿದಳು. ಅವಳ ಮನಸ್ಸೆಲ್ಲ ಬ್ರಹ್ಮಜಿನಾಲಯದಲ್ಲಿದ್ದಿತು.

ಬ್ರಹ್ಮಜಿನಾಲಯವು ಅತ್ತಿಮಬ್ಬೆಯು ಕಟ್ಟಿಸಿದ ಬಸದಿ. ಅವಳ ದಾನವನ್ನೂ ಮಹಿಮೆಯನ್ನೂ ಹೊಗಳುವ ೧೦೦೭ನೆಯ ಇಸವಿಯ ಶಾಸನವು ಇಲ್ಲಿಯದೇ. ಒಳಗೆ ನಾಲ್ಕು ಮುಖದ ಬ್ರಹ್ಮನ ಸುಂದರವಾದ ಮೂರ್ತಿಯಿದೆ. ಅತ್ತಿಮಬ್ಬೆಯ ಕಥೆಯನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಆದರೂ ಸಂಕ್ಷೇಪವಾಗಿ ಹೇಳುತ್ತೇವೆ. ಅವಳು ಮಲ್ಲಪನೆಂಬ ಅಧಿಕಾರಿಯ ಮಗಳು. ಚಾಲುಕ್ಯ ಚಕ್ರವರ್ತಿ ತೈಲಪನ ಕಾಲದ ದಂಡನಾಯಕ ನಾಗದೇವನು ಅವಳನ್ನೂ ಅವಳ ತಂಗಿ ಗುಂಡಮಬ್ಬೆಯನ್ನೂ ವರಿಸಿದ್ದನು. ನಾಗದೇವನು ಯುದ್ಧದಲ್ಲಿ ಮಡಿದಾಗ ತಂಗಿಯು ಸಹಗಮನ ಮಾಡಿದಳು. ಅಕ್ಕನು ಚಿಕ್ಕ ಮಗನಿಗಾಗಿ ಉಳಿದಳು. ಉಳಿದವಳು ಸುಮ್ಮನೆ ಉಳಿಯಲಿಲ್ಲ. ಬಸದಿಗಳನ್ನು ಕಟ್ಟಿಸಿದಳು, ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು, ರನ್ನನಿಗೆ ಆಶ್ರಯಕೊಟ್ಟು ೯೯೩ರಲ್ಲಿ 'ಅಜಿತಪುರಾಣ'ವನ್ನು ಬರೆಯಿಸಿದಳು. ಅವಳ ತಂದೆಯೂ ಚಿಕ್ಕಪ್ಪನೂ ಪೊನ್ನನಿಂದ ಬರೆಯಿಸಿದ್ದ 'ಶಾಂತಿಪುರಾಣ'ವು ಅಳಿದುಹೋಗಬಾರದೆಂದು ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು.

ಸಾವಿರ ಪ್ರತಿ ಎಂಬ ಮಾತನ್ನು ಪುಸ್ತಕದಲ್ಲಿ ಓದಿದಾಗ ಅದು ಒಂದು ಅಂಕೆ ಮಾತ್ರ. ಬಸದಿಯ ಜಗಲಿಯ ಮೇಲೆ ಕುಳಿತಾಗ ಗೃಹಿಣಿಯು ಅದಕ್ಕೆ ಮನೆಯ ಲೆಕ್ಕವನ್ನು ಹಾಕತೊಡಗಿದಳು. ತಾಳೆಯ ಗರಿಗಳನ್ನು ತರಿಸಬೇಕು. ಬೇಯಿಸಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಬೇಕು. ದಾರಕ್ಕಾಗಿ ತೂತು ಮಾಡಬೇಕು. ಕಬ್ಬಿಣದ ಕಂಟದಿಂದ ಎಲೆ ಹರಿಯದಂತೆ ಅಕ್ಷರಗಳನ್ನು ಕೊರೆಯಬೇಕು. ಆ ಮೇಲೆ ಮಸಿಯನ್ನು ತೊಡೆದು ಒರೆಸಿದರೆ ಗೀರಿನೊಳಗೆ ಕಪ್ಪು ನಿಂತು ಅಕ್ಷರವು ಕಾಣುತ್ತದೆ. ಕೊನೆಗೆ ಎರಡು ಹಲಗೆಗಳ ನಡುವೆ ಇಟ್ಟು ಕಟ್ಟಬೇಕು. ಇದೊಂದು ಪ್ರತಿಗೆ. "ಸಾವಿರ ಪ್ರತಿಗೆ ಎಷ್ಟು ಜನ ಬರಹಗಾರರೋ! ಅಷ್ಟು ಜನಕ್ಕೆ ಅಡಿಗೆ ಮಾಡಿದವರು ಯಾರೋ! ದೀಪಕ್ಕೆ ಎಣ್ಣೆ ಎಷ್ಟು ಹಿಡಿಯಿತೋ!" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಗಂಡ ಹೋದ, ಒಡನೆ ಹುಟ್ಟಿದವಳೂ ಹೋದಳು. ಆ ಮನೆಯಲ್ಲಿ ಒಬ್ಬಳೇ ಉಳಿದವಳಿಗೆ ಪುಸ್ತಕವನ್ನು ಉಳಿಸಬೇಕೆಂದು ತೋರಿತಲ್ಲ" ಎಂದಳು.

ಇಂದಿಗೂ ಕನ್ನಡದ ಹೊಸ ಪುಸ್ತಕವೊಂದು ಅನೇಕ ವೇಳೆ ಮೊದಲ ಸಲ ಸಾವಿರ ಪ್ರತಿಯಷ್ಟೇ ಅಚ್ಚಾಗುತ್ತದೆ. ಅಚ್ಚಿನ ಯಂತ್ರವಿರುವ ನಾವು ಮಾಡುವುದನ್ನು ಸಾವಿರ ವರ್ಷದ ಹಿಂದೆ ಒಬ್ಬ ಗೃಹಿಣಿಯು ಕೈಬರಹದಿಂದ ಮಾಡಿಸಿದಳು. ಓಲೆಯ ಪುಸ್ತಕಕ್ಕೆ ಹುಳು, ಸೀಲು, ಬೆಂಕಿ ಎಲ್ಲವೂ ಶತ್ರುಗಳು. ಕೆಲವು ತಲೆಮಾರಿಗೊಮ್ಮೆ ಯಾರಾದರೂ ಕುಳಿತು ಅದನ್ನು ಮತ್ತೆ ನಕಲು ಮಾಡದಿದ್ದರೆ ಅದು ಉಳಿಯುವಂತಿಲ್ಲ. ಪಂಪನ ಪುಸ್ತಕವೂ ರನ್ನನ ಪುಸ್ತಕವೂ ನಮ್ಮ ಕೈಸೇರಿದ್ದು ಹೀಗೆ. ಕವಿಯ ಹೆಸರು ಪುಸ್ತಕದ ಮೇಲಿದೆ. ನಡುವಿನ ನೂರು ಕೈಗಳ ಹೆಸರು ಎಲ್ಲಿಯೂ ಇಲ್ಲ. ನಮಗೆ ಸ್ಫೂರ್ತಿ ಕೊಟ್ಟವರು ಯಾರೆಂದು ಮಕ್ಕಳು ಕೇಳಿದರೆ ಇದುವರೆಗೆ ಕವಿಗಳ ಹೆಸರನ್ನೇ ಹೇಳುತ್ತಿದ್ದೆವು. ಲಕ್ಕುಂಡಿಯನ್ನು ನೋಡಿದ ಮೇಲೆ ಆ ಕೈಗಳನ್ನೂ ಸೇರಿಸಿಕೊಂಡಿದ್ದೇವೆ.

ಮೂರನೆಯ ದಿನವನ್ನು ಗದಗಿಗೆಂದೇ ಇಟ್ಟುಕೊಂಡಿದ್ದೆವು. ವೀರನಾರಾಯಣನ ದೇವಾಲಯವು ಊರಿನ ನಡುವೆ ಇದೆ. ಎತ್ತರವಾದ ಗೋಪುರವನ್ನು ದಾಟಿದರೆ ವಿಶಾಲವಾದ ಅಂಗಳ. ಕುಮಾರವ್ಯಾಸನು ಹದಿನೈದನೆಯ ಶತಮಾನದ ಕವಿಯೆಂದು ಪಂಡಿತರ ಅಭಿಪ್ರಾಯ. ಹುಬ್ಬಳ್ಳಿಯ ಸಮೀಪದ ಕೋಳಿವಾಡ ಅವನ ಊರು; ನಾರಣಪ್ಪನೆಂಬುದು ಅವನ ಹೆಸರು. ಭಾರತದ ಹತ್ತು ಪರ್ವಗಳನ್ನು ಭಾಮಿನೀ ಷಟ್ಪದಿಯಲ್ಲಿ ಹಾಡಿ, ಹಾಡಿಸಿದವನು ವೀರನಾರಾಯಣನೇ ಎಂದು ಕೈಮುಗಿದನು. ದೇವಾಲಯದ ಮಂಟಪದಲ್ಲಿ ಅವನು ಒರಗಿ ಕುಳಿತು ಬರೆಯುತ್ತಿದ್ದನೆಂಬ ಕಂಬವೊಂದನ್ನು ತೋರಿಸುತ್ತಾರೆ. ದಿನವೂ ಕೋನೇರಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿಯೇ ಬಂದು ಆ ಕಂಬದ ಬಳಿ ಕುಳಿತುಕೊಳ್ಳುತ್ತಿದ್ದನಂತೆ. ಬಟ್ಟೆಯು ಒಣಗುವವರೆಗೆ ಕವಿತೆಯು ಹರಿದುಬರುತ್ತಿದ್ದಿತಂತೆ, ಒಣಗಿದೊಡನೆ ನಿಲ್ಲುತ್ತಿದ್ದಿತಂತೆ.

ಇದು ಐತಿಹ್ಯ. ಚರಿತ್ರೆಯ ದೃಷ್ಟಿಯಿಂದ ಇದನ್ನು ಪರೀಕ್ಷಿಸುವುದು ನಮ್ಮ ಉದ್ದೇಶವಲ್ಲ. ಆದರೆ ಗೃಹಿಣಿಗೆ ಈ ಕಥೆಯು ಚಿಕ್ಕಂದಿನಿಂದಲೂ ಪ್ರಿಯವಾದುದಕ್ಕೆ ಒಂದು ಕಾರಣವುಂಟು. ಮದುವೆಯಾಗಿ ಬಂದ ಹೊಸತರಲ್ಲಿ ದೊಡ್ಡ ಸಂಸಾರ. ಪುಸ್ತಕ ಹಿಡಿಯಲು ಹೊತ್ತೆಂಬುದಿರಲಿಲ್ಲ. ಒಗೆದ ಬಟ್ಟೆಯನ್ನು ಮಹಡಿಯ ಮೇಲೆ ಹರವಿದ ಮೇಲೆ ಅದನ್ನು ಮಳೆಯಿಂದಲೂ ಕೋತಿಗಳಿಂದಲೂ ಕಾಯಬೇಕಾಗಿದ್ದಿತು. ಆ ಒಂದು ಗಂಟೆಯಲ್ಲಿ, ನೀರಿನ ತೊಟ್ಟಿಯ ನೆರಳಿನಲ್ಲಿ ಕುಳಿತು, ಆಕೆ ಗದುಗಿನ ಭಾರತವನ್ನು ಆದಿಪರ್ವದಿಂದ ಗದಾಪರ್ವದವರೆಗೆ ಓದಿ ಮುಗಿಸಿದಳು. ಏಳು ವರ್ಷ ಹಿಡಿಯಿತು. "ನಾರಣಪ್ಪ ಬಟ್ಟೆ ಒಣಗುವಷ್ಟರಲ್ಲಿ ಬರೆದ, ನಾನು ಬಟ್ಟೆ ಒಣಗುವಷ್ಟರಲ್ಲಿ ಓದಿದೆ. ಲೆಕ್ಕ ಸರಿಹೋಯಿತು" ಎಂದು ಆ ಕಂಬದ ಎದುರಿಗೆ ನಿಂತು ಹೇಳಿದಳು. ಆಮೇಲೆ ಕಂಬವನ್ನು ಕೈಯಿಂದ ಮುಟ್ಟಿ ನೋಡಿದಳು. ಮಂಟಪದ ಮಬ್ಬುಬೆಳಕಿನಲ್ಲಿ ಅವಳ ಕಣ್ಣಿಗೆ ಕಂಬದ ಅಂಚುಗಳು ಸರಿಯಾಗಿ ತಿಳಿಯುತ್ತಿರಲಿಲ್ಲ. ಕಲ್ಲು ತಣ್ಣಗಿದೆಯೆಂದೂ, ಜನರ ಕೈ ತಾಗಿ ನುಣುಪಾಗಿದೆಯೆಂದೂ ಹೇಳಿದಳು.

ಗದಗಿನ ತ್ರಿಕೂಟೇಶ್ವರನ ಆವರಣದಲ್ಲಿರುವ ಸರಸ್ವತಿಯ ಗುಡಿಯನ್ನು ಓದುಗರು ತಪ್ಪದೆ ನೋಡಬೇಕು. ಅಲ್ಲಿಯ ಕಂಬಗಳಷ್ಟು ನಯವಾದ ಕೆಲಸವು ಚಾಲುಕ್ಯರ ಶಿಲ್ಪದಲ್ಲಿಯೂ ಅಪರೂಪ. ಒಳಗಿರುವ ವಾಗ್ದೇವಿಯ ಮೂರ್ತಿಯು ಭಗ್ನವಾಗಿದೆ. ನಾವು ಒಂದೊಂದು ಕಂಬದ ಬಳಿಯೂ ನಿಂತೆವು. ಗೃಹಸ್ಥನು ಕೆತ್ತನೆಯನ್ನು ಬಾಯಲ್ಲಿ ವರ್ಣಿಸುವನು. ಗೃಹಿಣಿಯು ಸಮೀಪದಿಂದ ನಿಟ್ಟಿಸಿ ನೋಡಿ, "ನೀವು ಹೇಳಿದ್ದು ಬಳ್ಳಿಯಲ್ಲ, ಹಾರ" ಎಂದು ತಿದ್ದುವಳು. ಎರಡು ವರ್ಷದಿಂದ ಮನೆಯಲ್ಲಿ ಪುಸ್ತಕವನ್ನು ಓದುವಾಗಲೂ ಹೀಗೆಯೇ ನಡೆಯುತ್ತಿದೆ. ಗಮಕದ ಸಭೆಗಳಲ್ಲಿ ವಾಚಕನೊಬ್ಬ, ವ್ಯಾಖ್ಯಾನಕಾರನೊಬ್ಬ ಇರುವುದು ವಾಡಿಕೆ. ಒಬ್ಬನು ಹಾಡಿದ್ದನ್ನು ಇನ್ನೊಬ್ಬನು ಬಿಡಿಸಿ ಹೇಳಿದಾಗಲೇ ಕಾವ್ಯವು ಪೂರ್ಣವಾಗುತ್ತದೆ. ಕುಮಾರವ್ಯಾಸನನ್ನು ಅಕ್ಷರ ತಿಳಿಯದವರ ಮನೆಗೂ ಮುಟ್ಟಿಸಿದ್ದು ಈ ಜೋಡಿ. ಮನೆಯೊಳಗೂ ಅದಕ್ಕೆ ಸ್ಥಳವುಂಟೆಂಬುದು ನಮಗೆ ಈಗೀಗ ಅನುಭವಕ್ಕೆ ಬರುತ್ತಿದೆ.

ಮರಳುವಾಗ ಒಂದು ದಿನವನ್ನು ಧಾರವಾಡಕ್ಕೆ ಕೊಟ್ಟೆವು. ಸಾಧನಕೇರಿಯಲ್ಲಿ ಬೇಂದ್ರೆಯವರು (೧೮೯೬–೧೯೮೧) ವಾಸವಾಗಿದ್ದ ಮನೆಯನ್ನು ನೋಡಿ, ಕೆರೆಯ ದಂಡೆಯ ಮೇಲೆ ಸ್ವಲ್ಪ ಹೊತ್ತು ಕುಳಿತೆವು. ೧೯೩೩ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ 'ಅಟ್ಟ'ವೂ ಈ ಊರಿನದೇ. ಚಂದಾದಾರರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿ ಪುಸ್ತಕಗಳನ್ನು ಮನೆಮನೆಗೆ ತಲುಪಿಸಿದ ಸಂಸ್ಥೆಯದು. ಅತ್ತಿಮಬ್ಬೆಯ ಸಾವಿರ ಪ್ರತಿಗಳನ್ನು ನೆನೆಯುತ್ತ ಬಂದ ನಮಗೆ ಆ ಅಟ್ಟದ ಹೆಸರು ಅದೇ ಸಾಲಿಗೆ ಸೇರಿದ್ದಾಗಿ ಕಂಡಿತು.

ಈ ಕಡೆಗೆ ಹೋಗಬೇಕೆನ್ನುವವರಿಗೆ ಒಂದೆರಡು ಸೂಚನೆಗಳು. ಪುಷ್ಯ, ಮಾಘ ಮಾಸಗಳು ಎಲ್ಲಕ್ಕಿಂತ ಉತ್ತಮ. ಚೈತ್ರ ಬಂದರೆ ಬಯಲುಸೀಮೆಯ ಬಿಸಿಲು ವಯಸ್ಸಾದವರಿಗೆ ಆಗದು. ಗದಗಿನಲ್ಲಿ ತಂಗಿದರೆ ಅಣ್ಣಿಗೇರಿ, ಲಕ್ಕುಂಡಿ ಎರಡಕ್ಕೂ ಅನುಕೂಲ. ಲಕ್ಕುಂಡಿಯ ಗುಡಿಗಳು ಒಂದೊಂದು ಒಂದೊಂದು ಕಡೆ ಇರುವುದರಿಂದ ನಡೆಯಲು ತಕ್ಕ ಪಾದರಕ್ಷೆ ಬೇಕು. ಅಲ್ಲಿಯ ಶಿಲ್ಪಗಳ ಸಂಗ್ರಹಾಲಯವನ್ನೂ ನೋಡಬೇಕು. ಕಣ್ಣಿಗೆ ಹಾಕುವ ಔಷಧವನ್ನು ತಂಪಾದ ಎಡೆಯಲ್ಲಿ ಇಟ್ಟುಕೊಳ್ಳಬೇಕಾದವರು ಪ್ರಯಾಣಕ್ಕೆ ಮೊದಲೇ ವೈದ್ಯರನ್ನು ಕೇಳಿ ವ್ಯವಸ್ಥೆ ಮಾಡಿಕೊಳ್ಳುವುದು ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವುದಕ್ಕೆ ಒಂದು ತಿಂಗಳ ಮುಂಚಿನಿಂದ ಆ ಪುಸ್ತಕವನ್ನು ಮನೆಯವರೆಲ್ಲ ಕೇಳುವಂತೆ ಗಟ್ಟಿಯಾಗಿ ಓದಬೇಕು. ಹಾಗೆ ಓದದೆ ಹೋದವರಿಗೆ ಗದಗಿನ ಕಂಬವು ಬರಿಯ ಕಂಬ.

ನಮ್ಮ ಪಟ್ಟಿಯಲ್ಲಿ ಇನ್ನು ಉಳಿದಿರುವ ಊರುಗಳು ಎರಡು. ಕವಿಶೈಲದ ಬಂಡೆಗಳನ್ನು ಮಗನ ಮನೆಯವರೊಡನೆ ನೋಡುವುದೆಂದು ಗೊತ್ತಾಗಿದೆ. ನಂದಳಿಕೆಯು ಮಾತ್ರ ನಮ್ಮಿಬ್ಬರದು. ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನಲ್ಲಿರುವ ಆ ಹಳ್ಳಿಯಲ್ಲಿ ಲಕ್ಷ್ಮೀನಾರಣಪ್ಪನೆಂಬ ಮುದ್ದಣನು ೧೮೭೦ರಲ್ಲಿ ಹುಟ್ಟಿದನು. ಬಡತನದಲ್ಲಿ ಬೆಳೆದು, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿ ಜೀವನ ಸಾಗಿಸಿದನು. ತನ್ನ ಕೃತಿಗಳನ್ನು ಯಾರೋ ಹಳೆಯ ಕವಿಯ ಗ್ರಂಥವೆಂಬಂತೆ ಮೈಸೂರಿನ ಮಾಸಪತ್ರಿಕೆಗೆ ಕಳುಹಿಸಿ, ತಾನು ಮರೆಯಲ್ಲಿಯೇ ನಿಂತನು. ಕ್ಷಯರೋಗದಿಂದ ೧೯೦೧ರಲ್ಲಿ ತೀರಿಕೊಂಡಾಗ ಅವನಿಗೆ ಮೂವತ್ತೊಂದೇ ವರ್ಷ.

ಅವನ 'ಶ್ರೀರಾಮಾಶ್ವಮೇಧ'ದ ಕಥೆಯು ರಾಮನದಾದರೂ, ಕನ್ನಡಿಗರು ಅದನ್ನು ಪ್ರೀತಿಸಿದ್ದು ನಡುನಡುವೆ ಬರುವ ಮುದ್ದಣ ಮನೋರಮೆಯರ ಸಲ್ಲಾಪಕ್ಕಾಗಿ. ಗಂಡನು ಕಥೆಯನ್ನು ಹೇಳುವನು, ಹೆಂಡತಿಯು ಕೇಳುವಳು. ಕೇಳುವಳೆಂದರೆ ತಲೆದೂಗುತ್ತ ಸುಮ್ಮನೆ ಕೂರುವವಳಲ್ಲ. ಸಂಸ್ಕೃತವು ಹೆಚ್ಚಾದರೆ ತಡೆಯುವಳು. ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುವಳು. ಹಾಸ್ಯ ಮಾಡುವಳು, ಮುನಿಸಿಕೊಳ್ಳುವಳು, ಕರುಣೆಯ ಎಡೆಯಲ್ಲಿ ಕಣ್ಣೀರು ತರುವಳು. ಅವಳು ಅಡ್ಡಬಂದಲ್ಲೆಲ್ಲ ಕಥೆಯು ಇನ್ನಷ್ಟು ಸೊಗಸಾಗುವುದು. ಕವಿಯ ಪತ್ನಿ ಕಮಲೆಯೇ ಈ ಮನೋರಮೆಯೆಂದು ತಿಳಿದವರು ಹೇಳುತ್ತಾರೆ. ಆ ಪುಸ್ತಕದಲ್ಲಿ ಕೇಳುವವಳದು ಅರ್ಧ ಪಾಲೆಂಬುದನ್ನು ಓದಿದ ಯಾರೂ ಅಲ್ಲಗಳೆಯಲಾರರು.

ಓದುವ ಶಕ್ತಿ ಕಡಿಮೆಯಾಯಿತೆಂದು ವೈದ್ಯರು ಹೇಳಿದ ದಿನ ನಮ್ಮ ಗೃಹಿಣಿಗೆ ದುಃಖವಾಗಲಿಲ್ಲವೆಂದರೆ ಅದು ನಿಜವಲ್ಲ. ಕೆಲವು ದಿನ ಪುಸ್ತಕದ ಗೂಡಿನ ಕಡೆಗೆ ಹೋಗಲೇ ಇಲ್ಲ. ದೂರವಾಣಿಯ ಯಂತ್ರವೇ ಪುಸ್ತಕವನ್ನು ಓದಿ ಹೇಳುತ್ತದೆಂದು ಮಗಳು ತೋರಿಸಿಕೊಟ್ಟಳು, ಅದೂ ಉಪಯುಕ್ತವೇ, ಮಧ್ಯಾಹ್ನದ ಹೊತ್ತು ಆಕೆ ಅದನ್ನು ಕೇಳುವುದುಂಟು. ಆದರೆ ಯಂತ್ರವನ್ನು ತಡೆದು, "ಅಲ್ಲಿ ನಿಲ್ಲಿ, ಆ ಮಾತಿಗೆ ಅರ್ಥ ಅದಲ್ಲ" ಎಂದರೆ ಅದು ಮರುಮಾತಾಡದು. ರಾತ್ರಿ ಊಟವಾದ ಮೇಲೆ ನಮ್ಮಲ್ಲಿ ನಡೆಯುವ ಓದಿಗೆ ಮೊದಲಿಗಿಂತ ಹೊತ್ತು ಹೆಚ್ಚು ಹಿಡಿಯುತ್ತದೆ. ಮೂರು ಪುಟಕ್ಕೆ ಮೂವತ್ತು ಪ್ರಶ್ನೆಗಳು. ಮೂವತ್ತು ವರ್ಷ ಒಂದೇ ಗೂಡಿನಿಂದ ಬೇರೆ ಬೇರೆ ಪುಸ್ತಕಗಳನ್ನು ತೆಗೆದುಕೊಂಡು ಬೇರೆ ಬೇರೆ ಮೂಲೆಯಲ್ಲಿ ಕುಳಿತವರು ನಾವು. ಈಗ ಇಬ್ಬರಿಗೂ ಒಂದೇ ಪುಸ್ತಕ, ಒಂದೇ ದೀಪ.

ಮೊನ್ನೆಯಿಂದ 'ಶ್ರೀರಾಮಾಶ್ವಮೇಧ'ವನ್ನು ಮೊದಲಿನಿಂದ ಓದತೊಡಗಿದ್ದೇವೆ. ಮಳೆಗಾಲ ಕಳೆದು ದಾರಿ ಒಣಗಿದ ಮೇಲೆ, ಕಾರ್ತಿಕದಲ್ಲಿ ನಂದಳಿಕೆಗೆ ಹೊರಡುವುದೆಂದು ಗೃಹಸ್ಥನು ಗೊತ್ತುಮಾಡಿದ್ದನು. ಗೃಹಿಣಿಯು ಒಪ್ಪಲಿಲ್ಲ. "ಮನೋರಮೆ ಕಥೆ ಕೇಳಿದ್ದು ಮಳೆಗಾಲದಲ್ಲಿ. ಮುಗಿಲು ಕವಿದಿರುವಾಗಲೇ ಆ ಊರನ್ನು ನೋಡಬೇಕು. ಮಳೆಯಾದರೆ ಕಾಣದಿದ್ದರೂ ಕೇಳಿಸುತ್ತದೆ" ಎಂದಳು. ಅದರಂತೆಯೇ ಶ್ರಾವಣದ ಮೊದಲ ವಾರಕ್ಕೆ ಇಬ್ಬರಿಗೂ ಟಿಕೆಟ್ಟನ್ನು ತೆಗೆದಿರಿಸಿದ್ದೇವ. ಕೊಡೆಗಳನ್ನು ರಿಪೇರಿಗೆ ಕೊಟ್ಟಿದೆ.